ಕಡಲಾಚೆ ದೊಡ್ಡ ಮೀನಿಗೆ ಗಾಳ: ಕಾಸರಗೋಡಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಳಂಗರೆಯ ಅಳಿವೆಯಲ್ಲೋ, ಶಿರಿಯ ಹೊಳೆಯ ದಡದಲ್ಲೋ ಗಾಳ ಹಾಕುತ್ತಾ ಬೆಳೆದವರು ಈಗ ಮಾಲ್ದೀವ್ಸ್, ಒಮಾನ್, ಥಾಯ್ಲೆಂಡ್ ಅಂತ ಹೊರಟಿದ್ದಾರೆ. ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ವೀಸಾ, ಪರವಾನಗಿಯ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಮಾಡುವ ಮೊದಲು ಆಯಾ ದೇಶದ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ನಾನು ಹಿಡಿದದ್ದೆಲ್ಲ ಹೊಳೆಯ ಕಾಳಾಂಜಿ, ಚೆಂಬಲ್ಲಿ. ನನ್ನಂಥವನಿಗೆ ಇದು ಆಗಿಬರುತ್ತದೆಯೇ?

ಖಂಡಿತ ಆಗಿಬರುತ್ತದೆ. ಅಳಿವೆಯ ಸೆಳೆತದಲ್ಲಿ ನಿಂತು ಕಾಳಾಂಜಿಗೆ ಲ್ಯೂರ್ (ಕೃತಕ ಮೀನು) ಎಸೆದವನಿಗೆ ನೀರು ಓದಲು ಬರುತ್ತದೆ, ಮತ್ತು ಕಲಿಯಲು ಹೆಚ್ಚು ಕಾಲ ಹಿಡಿಯುವುದು ಅದೇ. ನಮ್ಮ ಕಾಳಾಂಜಿಯನ್ನೇ ಆಸ್ಟ್ರೇಲಿಯಾದವರು ಬ್ಯಾರಮಂಡಿ ಎನ್ನುತ್ತಾರೆ. ಅದರ ವಿಶ್ವದಾಖಲೆ 44.64 ಕೆ.ಜಿ., ಹಿಡಿದದ್ದು ಕ್ವೀನ್ಸ್‌ಲ್ಯಾಂಡಿನ ಮೊಂಡುರಾನ್ ಸರೋವರದಲ್ಲಿ, 2010ರಲ್ಲಿ. ಈಜಿಪ್ಟಿನ ನಾಸೆರ್ ಸರೋವರದ ನೈಲ್ ಪರ್ಚ್ ಕೂಡ ಇದೇ ಕುಲದ್ದು. 2000ನೇ ಇಸವಿಯಲ್ಲಿ ಅಲ್ಲಿ ಸಿಕ್ಕಿದ ಒಂದು 104.32 ಕೆ.ಜಿ. ತೂಗಿತು. ನೀವು ಹೊರಟಿರುವುದು ಗೊತ್ತಿರುವ ಮೀನಿನ ದೊಡ್ಡ ನೆಂಟರ ಮನೆಗೆ.

ನಿಮಗೆ ಹೊಸದಾಗುವುದು ಸಾಮಾನಿನ ಭಾರ ಮತ್ತು ದಿನವಿಡೀ ಎಸೆಯುವ ಶ್ರಮ. ಅದನ್ನು ಮೂರು ತಿಂಗಳ ಅಭ್ಯಾಸದಲ್ಲಿ ಸರಿಮಾಡಿಕೊಳ್ಳಬಹುದು.

ಯಾವ ದೇಶಕ್ಕೆ ಹೋಗಬೇಕು?

ಈ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಯಾವ ಮೀನು ಬೇಕು? ಮೀನು ಮೊದಲು, ದೇಶ ಆಮೇಲೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ದೇಶ ಗೊತ್ತುಮಾಡಿ, ಅಲ್ಲಿಗೆ ಹೋದ ಮೇಲೆ ಏನು ಹಿಡಿಯೋಣ ಅಂತ ಕೇಳುವವರೇ ಬೇಸರ ಹೊತ್ತು ಬರುವುದು. ಒಂದು ಪ್ರವಾಸಕ್ಕೆ ಒಂದೇ ಮೀನು ಗುರಿಯಾಗಿರಲಿ. ಮಿಕ್ಕದ್ದು ಸಿಕ್ಕಿದರೆ ಸಂತೋಷ.

ಜಿಟಿ, ಅಂದರೆ ಜೈಂಟ್ ಟ್ರೆವಲ್ಲಿ, ನಮ್ಮ ವಟ್ಟ ಮೀನಿನ ಬಳಗದ ದೈತ್ಯ. ಹವಳದ ದಿಬ್ಬದ ಅಂಚಿನಲ್ಲಿ ಪಾಪರ್ ಎಂಬ ತೇಲುವ ಲ್ಯೂರ್ ಎಸೆದು ನೀರಿನ ಮೇಲೇ ಹೊಡೆಸುವ ಮೀನು ಇದು. ಮಾಲ್ದೀವ್ಸ್ ಮತ್ತು ಒಮಾನಿನ ದಕ್ಷಿಣ ಕರಾವಳಿ ನಮಗೆ ಹತ್ತಿರ. ಇದರ ವಿಶ್ವದಾಖಲೆ 72.8 ಕೆ.ಜಿ., 2006ರಲ್ಲಿ ಜಪಾನಿನ ತೊಕಾರ ದ್ವೀಪಗಳ ಬಳಿ. 20 ಕೆ.ಜಿ. ದಾಟಿದ್ದು ಸಿಕ್ಕಿದರೂ ಮೊದಲ ಪ್ರವಾಸಕ್ಕೆ ಅದು ದೊಡ್ಡ ಮೀನೇ.

ಈಟಿಯಂಥ ಮೂತಿಯ ಆಳಸಮುದ್ರದ ಮೀನು ಮಾರ್ಲಿನ್ ಬೇಕೆಂದರೆ ಮಾರಿಷಸ್ ಅಥವಾ ಕೆನ್ಯಾದ ವಾಟಮು, ಮಾಲಿಂದಿ. ಅತಿ ದೊಡ್ಡ ಕಪ್ಪು ಮಾರ್ಲಿನ್ ಬೇಕೆಂದರೆ ಆಸ್ಟ್ರೇಲಿಯಾದ ಕೇರ್ನ್ಸ್. ಆದರೆ ಇದು ಬೇರೆಯೇ ಆಟ: ದೋಣಿ ಓಡುತ್ತಿರುತ್ತದೆ, ಲ್ಯೂರ್ ಹಿಂದೆ ಎಳೆದುಕೊಂಡು ಬರುತ್ತದೆ, ನೀವು ಗಂಟೆಗಟ್ಟಲೆ ಕಾಯುತ್ತೀರಿ. ಕೈಯಾರೆ ಎಸೆದು ಹಿಡಿಯುವ ಹುಚ್ಚಿರುವವರಿಗೆ ಇದು ರುಚಿಸದೆ ಇರಬಹುದು. ಹೊಳೆಯ ಬದಿಯಲ್ಲಿ ಬೆಳೆದ ನಮ್ಮಂಥವರಿಗೆ ಮೊದಲ ಸಲ ಜಿಟಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಸಿಹಿನೀರಿನ ದೈತ್ಯರಿಗೆ ಥಾಯ್ಲೆಂಡ್. ಬ್ಯಾಂಕಾಕಿನ ಬುಂಗ್ಸಮ್ರಾನ್ ಕೆರೆಯಲ್ಲಿ ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್, ಸಯಾಮೀಸ್ ಕಾರ್ಪ್ ಇವೆ. ಕ್ರಾಬಿ ಕಡೆ ಅಮೆಜಾನಿನಿಂದ ತಂದು ಸಾಕಿದ ಅರಪೈಮಾ ಇರುವ ಕೊಳಗಳಿವೆ. ಹಣ ಕೊಟ್ಟು ಗಾಳ ಹಾಕುವ ಕೆರೆಗಳಿವು, ಮೀನು ಬಿಟ್ಟು ಸಾಕಿದವು. ವಯಸ್ಸಾದ ಅಪ್ಪನನ್ನೋ ಮಕ್ಕಳನ್ನೋ ಜೊತೆಗೆ ಕರೆದೊಯ್ಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಾಡುನೀರಿನ ಮೀನೇ ಬೇಕೆನ್ನುವವರು ಬೇರೆ ಕಡೆ ನೋಡಬೇಕು.

ನೇರ ವಿದೇಶಕ್ಕೇ ಹೋಗಬೇಕೇ? ಹತ್ತಿರ ಎಲ್ಲೂ ಇಲ್ಲವೇ?

ಅಂಡಮಾನ್ ಇದೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಜಿಟಿ ಇದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಭಾರೀ ಸಾಮಾನು ನಿಮ್ಮ ಭುಜಕ್ಕೆ ಹೊಂದುತ್ತದೆಯೇ, ದಿನವಿಡೀ ದೋಣಿಯಲ್ಲಿ ನಿಲ್ಲಬಲ್ಲಿರೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೊದಲು ಅಂಡಮಾನ್, ಮರುವರ್ಷ ಮಾಲ್ದೀವ್ಸ್ ಅಥವಾ ಒಮಾನ್ ಅಂತ ಯಾರಾದರೂ ಕೇಳಿದರೆ ನಾನು ಕಣ್ಣುಮುಚ್ಚಿ ಹೌದೆನ್ನುತ್ತೇನೆ.

ಕಾವೇರಿಯ ದೊಡ್ಡ ಹೊಳೆಮೀನು ಮಹಸೀರ್ ಬಗ್ಗೆಯೂ ಕೇಳುತ್ತಾರೆ. ಮೈಸೂರಿನ ವಾನ್ ಇಂಗೆನ್ 1946ರಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ಕಾವೇರಿಯ ಉಪನದಿ ಕಬಿನಿಯಲ್ಲಿ. ಆ ಡುಬ್ಬದ ಮಹಸೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಐಯುಸಿಎನ್ ಎಂಬ ಜಾಗತಿಕ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ತೀವ್ರ ಅಪಾಯದ ದರ್ಜೆಗೆ ಸೇರಿತು. ಅದನ್ನು ಅದರ ಪಾಡಿಗೆ ಬಿಡೋಣ.

ಯಾವ ತಿಂಗಳು ಒಳ್ಳೆಯದು?

ನಮ್ಮಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಮಳೆಗಾಲದ ಆಟಿ ತಿಂಗಳಲ್ಲಿ ತೋಟದ ಕೆಲಸವೂ ಕಡಿಮೆ, ಹಾಗಾಗಿ ಅಡಿಕೆ ಕೃಷಿಕರು ಅದೇ ಸಮಯಕ್ಕೆ ಒಮಾನಿಗೆ ಹೋಗೋಣವೇ ಅನ್ನುತ್ತಾರೆ. ಆಗುವುದಿಲ್ಲ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಒಮಾನಿನ ದಕ್ಷಿಣದ ಸಲಾಲ, ಹಾಸಿಕ್ ಕಡೆಯ ಕಡಲನ್ನೂ ಕೆರಳಿಸುತ್ತದೆ. ಅಲ್ಲಿ ಅದನ್ನು ಖರೀಫ್ ಎನ್ನುತ್ತಾರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜಿಟಿಗೆ ಅಲ್ಲಿನ ಕಾಲ ಅದಕ್ಕೆ ಮುಂಚೆ ಏಪ್ರಿಲ್–ಮೇ, ಆಮೇಲೆ ಅಕ್ಟೋಬರ್–ನವೆಂಬರ್.

ಮಾಲ್ದೀವ್ಸಿನಲ್ಲಿ ಜನವರಿಯಿಂದ ಏಪ್ರಿಲ್ ಒಣ ಕಾಲ, ಕಡಲು ಸೌಮ್ಯ. ಮಾರಿಷಸ್‌ನ ನೀಲಿ ಮಾರ್ಲಿನ್ ನವೆಂಬರಿನಿಂದ ಮಾರ್ಚ್. ಕೇರ್ನ್ಸಿನ ಕಪ್ಪು ಮಾರ್ಲಿನ್ ಸೆಪ್ಟೆಂಬರಿನಿಂದ ಡಿಸೆಂಬರ್.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ. ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು, ಹವಳದ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಹೆಚ್ಚು, ಸಣ್ಣ ಮೀನು ಕೊಚ್ಚಿಬರುವ ಕಡೆ ಜಿಟಿ ಕಾದು ನಿಲ್ಲುತ್ತದೆ. ಮದುವೆಗೆ ಮುಹೂರ್ತ ನೋಡುವಷ್ಟೇ ಶ್ರದ್ಧೆಯಿಂದ ಇದನ್ನು ನೋಡಬೇಕು.

ಪಾಸ್‌ಪೋರ್ಟ್, ವೀಸಾ, ವಿಮಾನ?

ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಮಾಲ್ದೀವ್ಸಿಗೆ ಇಳಿದಲ್ಲೇ 30 ದಿನಗಳ ಪ್ರವಾಸಿ ವೀಸಾ ಉಚಿತ. ಹೊರಡುವ ಮುಂಚಿನ 96 ಗಂಟೆಗಳ ಒಳಗೆ ಇಮುಗಾ ಎಂಬ ಅವರ ಆನ್‌ಲೈನ್ ಅರ್ಜಿ ತುಂಬಬೇಕು. ಒಮಾನಿಗೆ ಇ-ವೀಸಾ ಮೊದಲೇ ಮಾಡಿಸಿ. ಕೆನ್ಯಾ 2024ರಿಂದ ಇ-ವೀಸಾ ಬಿಟ್ಟು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿಯ ಪದ್ಧತಿಗೆ ಬಂದಿದೆ. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ.

ಗಲ್ಫ್ ಕಡೆಗೆ ಮಂಗಳೂರು ಅಥವಾ ಕಣ್ಣೂರು ಸಾಕು. ಮಾಲೆಗೂ ಬ್ಯಾಂಕಾಕಿಗೂ ಕೊಚ್ಚಿ ಅನುಕೂಲ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮಾಲೆಯಲ್ಲಿ ಇಳಿದ ಮೇಲೂ ದೂರದ ಹವಳದ್ವೀಪಕ್ಕೆ ಒಳನಾಡು ವಿಮಾನವೋ ಸ್ಪೀಡ್ ಬೋಟೋ ಬೇಕಾಗುತ್ತದೆ. ಅದರ ಹೊತ್ತು ಕೇಳಿಕೊಂಡು ಆಮೇಲೆ ಟಿಕೆಟ್ ಮಾಡಿ. ಕೊಚ್ಚಿಯ ವಿಮಾನ ಇಳಿಯುವಷ್ಟರಲ್ಲಿ ಆ ದಿನದ ಕೊನೆಯ ಬೋಟ್ ಹೋಗಿದ್ದರೆ ಮಾಲೆಯಲ್ಲಿ ಒಂದು ರಾತ್ರಿಯ ಖರ್ಚು ಮೈಮೇಲೆ ಬೀಳುತ್ತದೆ.

ಕೆನ್ಯಾಕ್ಕೆ ಹೋಗುವವರಿಗೆ ಚುಚ್ಚುಮದ್ದು ಬೇಕಂತೆ, ಹೌದೇ?

ಹೌದು, ಹಳದಿ ಜ್ವರದ್ದು. ಮುಖ್ಯವಾಗಿ ವಾಪಸು ಬರುವಾಗ ಬೇಕು: ಹಳದಿ ಜ್ವರವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುವುದು, ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವನಪರ್ಯಂತ ಸಾಕು. ಅಲ್ಲಿನ ಕರಾವಳಿಯಲ್ಲಿ ಮಲೇರಿಯವೂ ಇದೆ, ವೈದ್ಯರ ಹತ್ತಿರ ಮಾತ್ರೆ ಕೇಳಿ. ಮಾಲ್ದೀವ್ಸಿನಲ್ಲಿ ಆ ಚಿಂತೆ ಇಲ್ಲ.

ದೋಣಿಯವರಿಗೆ ಮುಂಗಡ ಕೊಡುವ ಮೊದಲು ಏನು ಕೇಳಬೇಕು?

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಜಾಲತಾಣದಲ್ಲಿ ಎಲ್ಲರ ಬಳಿಯೂ ದೊಡ್ಡ ಮೀನಿನ ಫೋಟೊ ಇರುತ್ತದೆ. ಆ ಫೋಟೊ ಯಾವ ವರ್ಷದ್ದು, ಯಾವ ತಿಂಗಳದ್ದು ಅಂತ ಕೇಳಿ. ಕಳೆದ ವರ್ಷ ನೀವು ಹೋಗಬೇಕೆಂದಿರುವ ಅದೇ ವಾರದಲ್ಲಿ ಏನು ಸಿಕ್ಕಿತ್ತು ಎಂದು ಕೇಳಿ. ಒಳ್ಳೆಯ ಕ್ಯಾಪ್ಟನ್ ಕೆಟ್ಟ ವಾರದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ದಿನಾ ಹತ್ತು ಮೀನು ಗ್ಯಾರಂಟಿ ಅನ್ನುವವನಿಂದ ದೂರ ಇರಿ.

ಒಂದು ದೋಣಿಯಲ್ಲಿ ಎಷ್ಟು ಜನ ಏಕಕಾಲಕ್ಕೆ ಎಸೆಯುತ್ತಾರೆ ಎಂಬುದು ಬಹಳ ಮುಖ್ಯ. ಮುಂಭಾಗದಲ್ಲಿ ಇಬ್ಬರು, ಹಿಂದೆ ಒಬ್ಬರು ಎಸೆಯುವಷ್ಟು ಜಾಗವಿರುವ ದೋಣಿಗೆ ಆರು ಜನರನ್ನು ತುಂಬಿಸಿದರೆ ದಿನದ ಅರ್ಧ ಹೊತ್ತು ನೀವು ಕುಳಿತು ನೋಡುವವರಷ್ಟೇ. ದಿನಕ್ಕೆ ನೀರಿನ ಮೇಲೆ ಎಷ್ಟು ಗಂಟೆ, ಇಂಧನ ಬಾಡಿಗೆಯಲ್ಲೇ ಸೇರಿದೆಯೇ, ಲೈಫ್ ಜಾಕೆಟ್, ರೇಡಿಯೋ, ಎರಡನೇ ಎಂಜಿನ್ ಇವೆಯೇ, ಮೀನುಗಾರಿಕೆ ಪರವಾನಗಿ ಮಾಡಿಸುವವರು ಯಾರು ಎಂಬುದನ್ನೆಲ್ಲ ವಾಟ್ಸಾಪಿನಲ್ಲಿ ಬರಹದಲ್ಲೇ ತರಿಸಿಕೊಳ್ಳಿ. ಗಾಳಿ ಜೋರಾಗಿ ದೋಣಿ ಹೊರಡದಿದ್ದರೆ ಹಣ ವಾಪಸೋ, ಇನ್ನೊಂದು ದಿನವೋ ಎಂಬುದೂ ಬರಹದಲ್ಲಿರಲಿ.

ಅದೇ ದೋಣಿಯಲ್ಲಿ ಹೋಗಿಬಂದ ಇಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿ. ನಮ್ಮ ಊರಿಗೆ ಇದೊಂದು ಅನುಕೂಲ: ಗಲ್ಫಿನಲ್ಲಿ ನೆಂಟರಿಲ್ಲದ ಮನೆ ಕಾಸರಗೋಡಿನಲ್ಲಿ ಕಡಿಮೆ. ಸಲಾಲದಲ್ಲಿ ಅಂಗಡಿ ಇಟ್ಟಿರುವ ಭಾವನೋ ಮಸ್ಕತ್ತಿನಲ್ಲಿರುವ ಗೆಳೆಯನೋ ಒಮ್ಮೆ ದೋಣಿ ನೋಡಿಬಂದರೆ ನೂರು ಫೋಟೊಗಿಂತ ಮೇಲು. ಮಲಯಾಳಂ ಬಲ್ಲವರಿಗೆ ಅಲ್ಲಿ ಭಾಷೆಯ ತೊಡಕೂ ಇಲ್ಲ.

ಖರ್ಚು ಎಲ್ಲಿ ಹೆಚ್ಚು, ಎಲ್ಲಿ ಉಳಿಸಬಹುದು?

ದೊಡ್ಡ ಪಾಲು ಹೋಗುವುದು ದೋಣಿಗೆ. ಬಾಡಿಗೆ ಸಾಮಾನ್ಯವಾಗಿ ದೋಣಿಗೆ, ತಲೆಗಲ್ಲ. ಹಾಗಾಗಿ ಒಬ್ಬರೇ ಹೋಗುವುದಕ್ಕಿಂತ ಮನಸ್ಸು ಕೂಡುವ ಮೂರು ನಾಲ್ಕು ಜನ ಸೇರಿ ಹೋಗುವುದು ಲೇಸು. ಮಾಲ್ದೀವ್ಸಿನಲ್ಲಿ ರೆಸಾರ್ಟಿನ ಬದಲು ಸ್ಥಳೀಯರ ದ್ವೀಪದ ಗೆಸ್ಟ್‌ಹೌಸಿನಲ್ಲಿ ಉಳಿದರೆ ಖರ್ಚು ಬಹಳ ಇಳಿಯುತ್ತದೆ. ದಿನ ಕಡಿಮೆ ಮಾಡಿ ಮಾತ್ರ ಉಳಿಸಬೇಡಿ. ಎರಡು ದಿನದ ಪ್ರವಾಸದಲ್ಲಿ ಒಂದು ದಿನ ಗಾಳಿ ಬಂದರೆ ಮುಗಿಯಿತು. ನೀರಿನ ಮೇಲೆ ಕನಿಷ್ಠ ನಾಲ್ಕು ದಿನ ಬೇಕು.

ಏಜೆಂಟ್ ಮೂಲಕ ವಿದೇಶ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಸೀದಿ ಇಟ್ಟುಕೊಳ್ಳಿ.

ರಾಡ್, ರೀಲ್ ಕೊಳ್ಳಬೇಕೇ, ಅಲ್ಲಿ ಬಾಡಿಗೆಗೆ ಸಿಗುತ್ತದೆಯೇ?

ಮಾರ್ಲಿನ್ ದೋಣಿಗಳಲ್ಲಿ ಸಾಮಾನು ಅವರದ್ದೇ ಇರುತ್ತದೆ, ಚಿಂತೆ ಬೇಡ. ಥಾಯ್ಲೆಂಡಿನ ಕೆರೆಗಳಲ್ಲೂ ಬಾಡಿಗೆಗೆ ಸಿಗುತ್ತದೆ. ಜಿಟಿಗೆ ಮಾತ್ರ ನಿಮ್ಮದೇ ಸಾಮಾನು ನಿಮ್ಮ ಕೈಗೆ ಪಳಗಿರಬೇಕು. ಏಳೂವರೆಯಿಂದ ಎಂಟು ಅಡಿಯ ಪಾಪಿಂಗ್ ರಾಡ್, ಶಿಮಾನೋ ಅಥವಾ ಡಾಯ್ವಾದ 14000ದಿಂದ 20000 ಅಳತೆಯ ಸ್ಪಿನ್ನಿಂಗ್ ರೀಲ್, ಪಿಇ 8 ದಪ್ಪದ ಹೆಣೆದ ದಾರ, ಅದರ ತುದಿಗೆ 150 ಪೌಂಡಿಗಿಂತ ಮೇಲಿನ ಲೀಡರ್ ಎಂಬ ಗಟ್ಟಿ ದಾರ. ದಾರಕ್ಕೂ ಲೀಡರಿಗೂ ಎಫ್‌ಜಿ ಗಂಟು. ಕತ್ತಲಲ್ಲೂ ಹಾಕಲು ಬರುವಷ್ಟು ಅದನ್ನು ಕಲಿತು ಹೋಗಿ, ಕುಲುಕುವ ದೋಣಿಯಲ್ಲಿ ಕಲಿಯಲು ಆಗುವುದಿಲ್ಲ.

ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿಯನ್ನು, ಅಂದಾಜಿಗೆ ಹೊಂದಿಸಬೇಡಿ. ಬಾಳೆಗೊನೆ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತದೆ, ಅದೇ ಸಾಕು. ಮೀನು ಸಿಕ್ಕಾಗ ಹಿಡಿಯುವಂತೆಯೇ ಒಬ್ಬರು ರಾಡನ್ನು ಓರೆಯಾಗಿ ಹಿಡಿಯಬೇಕು. ಇನ್ನೊಬ್ಬರು ದಾರದ ತುದಿಯನ್ನು ಕೊಕ್ಕೆಗೆ ಕಟ್ಟಿ, ಅಂಗಳದ ಉದ್ದಕ್ಕೆ ಹಿಂದೆ ಹಿಂದೆ ನಡೆಯುತ್ತಾ ನಿಧಾನಕ್ಕೆ ಎಳೆಯಬೇಕು. ರೀಲಿನಿಂದ ದಾರ ಬಿಡತೊಡಗಿದ ಕ್ಷಣ ತಕ್ಕಡಿ ತೋರಿಸುವುದೇ ನಿಮ್ಮ ಡ್ರ್ಯಾಗ್. ದಾರ ತಡೆಯುವ ಭಾರದ ಮೂರನೇ ಒಂದು ಪಾಲು ರೂಢಿಯ ಲೆಕ್ಕ: 100 ಪೌಂಡಿನ ದಾರವಾದರೆ, ಅಂದರೆ ಸುಮಾರು 45 ಕೆ.ಜಿ., ಡ್ರ್ಯಾಗ್ 15 ಕೆ.ಜಿ. ಹದಿನೈದನ್ನು ಒಂದು ನಿಮಿಷ ಹಿಡಿದು ನಿಲ್ಲಲು ನೋಡಿ, ಸೊಂಟಕ್ಕೆ ಗೊತ್ತಾಗುತ್ತದೆ. ಹತ್ತರಿಂದ ಶುರುಮಾಡಿ ವಾರವಾರ ಏರಿಸಿ. ಇಷ್ಟೊಂದು ಬಿಗಿ ಯಾಕೆಂದರೆ, ಜಿಟಿ ಹೊಡೆದ ಮರುಕ್ಷಣ ಹವಳದ ಕಲ್ಲಿನ ಕಡೆಗೇ ನುಗ್ಗುತ್ತದೆ. ದಾರ ಕಲ್ಲಿಗೆ ಉಜ್ಜಿತೆಂದರೆ ಉಳಿಯುವುದಿಲ್ಲ.

ವಿಮಾನದಲ್ಲಿ ರಾಡ್ ಒಯ್ಯುವುದು ಹೇಗೆ?

ಹಾರ್ಡ್‌ವೇರ್ ಅಂಗಡಿಯ ನಾಲ್ಕಿಂಚಿನ ಪಿವಿಸಿ ಪೈಪು, ಎರಡು ತುದಿಗೂ ಮುಚ್ಚಳ, ಒಳಗೆ ರಾಡಿಗೆ ಹಳೆಯ ಬೈರಾಸು ಸುತ್ತಿ. ಉದ್ದದ ಮಿತಿ ವಿಮಾನ ಕಂಪನಿಯಿಂದ ಕಂಪನಿಗೆ ಬೇರೆ. ಕ್ರೀಡಾ ಸಾಮಾನೆಂದು ಮೊದಲೇ ನಮೂದಿಸಿ, ಒಪ್ಪಿಗೆಯ ಇಮೇಲ್ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಗಾಳ, ಇಕ್ಕಳ, ಚಾಕು ಎಲ್ಲ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್, ಕ್ಯಾಮೆರಾ ಬ್ಯಾಟರಿ ಕೈಚೀಲಕ್ಕೆ.

ಇನ್ನೊಂದು, ಯಾರೂ ಹೇಳದ ವಿಷಯ: ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನವನ್ನಾಗಲಿ ಸ್ಯಾಟಲೈಟ್ ಫೋನನ್ನಾಗಲಿ ಭಾರತದೊಳಗೆ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗಲ್ಫಿನ ಅಂಗಡಿಯಲ್ಲಿ ಚೆನ್ನಾಗಿ ಕಂಡಿತೆಂದು ಕೊಂಡು ತಂದರೆ ವಿಮಾನ ನಿಲ್ದಾಣದಲ್ಲೇ ಪೊಲೀಸ್ ಕೇಸು ಆಗಬಹುದು.

ಹಿಡಿದ ಮೀನನ್ನು ಬಿಡಲೇಬೇಕೇ? ಇಷ್ಟು ಖರ್ಚು ಮಾಡಿ ಹೋಗಿ ಬಿಡುವುದೇ?

ಬಿಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ದೊಡ್ಡ ಕಪ್ಪು ಮಾರ್ಲಿನ್‌ಗಳೆಲ್ಲ ಹೆಣ್ಣು; ಗಂಡು ಆ ಗಾತ್ರಕ್ಕೆ ಬೆಳೆಯುವುದೇ ಇಲ್ಲ. ನಮ್ಮ ಕಾಳಾಂಜಿಯೂ ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಳಿವೆಯಲ್ಲಿ ಸಿಕ್ಕ ಅತಿ ದೊಡ್ಡ ಕಾಳಾಂಜಿಯನ್ನು ಕೊಂದರೆ ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಿಯನ್ನೇ ಕೊಂದ ಹಾಗೆ. ಹಲವು ಕಡೆ ಕಾನೂನೂ ಹಾಗೇ ಇದೆ: ನಾರ್ವೆಯಲ್ಲಿ ಎರಡು ಮೀಟರಿಗಿಂತ ಉದ್ದದ ಹ್ಯಾಲಿಬಟ್ ಬಿಡುವುದು ಕಡ್ಡಾಯ, ಮಾಲ್ದೀವ್ಸಿನಲ್ಲಿ 2010ರಲ್ಲಿ ಎಲ್ಲ ಶಾರ್ಕ್‌ಗಳ ಬೇಟೆಗೂ ನಿಷೇಧ ಬಂತು. ಆ ದೇಶದ ಟ್ಯೂನಾ (ನಮ್ಮ ಕೇದರ) ಮೀನುಗಾರಿಕೆ ಇಂದಿಗೂ ಗಾಳ ಮತ್ತು ಕೋಲಿನದ್ದು. ಬಲೆಯಿಲ್ಲದೆ ಒಂದೊಂದಾಗಿ ಹಿಡಿಯುತ್ತಾರೆ. ಅಲ್ಲಿನ ದೋಣಿಯವರಿಗೆ ಗಾಳದ ಮರ್ಯಾದೆ ಹೇಳಿಕೊಡಬೇಕಾಗಿಲ್ಲ.

ಬಿಡುವುದಕ್ಕೂ ಕ್ರಮವಿದೆ. ತುದಿಯ ಹಿಮ್ಮುಖದ ಮುಳ್ಳು ಚಪ್ಪಟೆ ಮಾಡಿದ ಒಂಟಿ ಗಾಳ ಹಾಕಿ. ಮೀನನ್ನು ಬೇಗ ತನ್ನಿ. ಹಗುರ ಸಾಮಾನಿನಲ್ಲಿ ಒಂದು ಗಂಟೆ ಎಳೆದಾಡಿಸಿದ ಮೀನು ಬಿಟ್ಟರೂ ಬದುಕದು. ಕೈ ಒದ್ದೆ ಮಾಡಿಕೊಂಡು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಕೈ ಎದೆಯ ರೆಕ್ಕೆಗಳ ಕೆಳಗೆ. ಕಿವಿರಿಗೆ ಬೆರಳು ಹಾಕಬೇಡಿ. ದವಡೆಯಲ್ಲಿ ಜೋತುಬಿಟ್ಟರೆ ಒಳಗಿನ ಅಂಗಗಳಿಗೆ ಪೆಟ್ಟು. ಕ್ಯಾಮೆರಾ ಹಿಡಿದವರು ಸಿದ್ಧರಾದ ಮೇಲೆಯೇ ನೀರಿನಿಂದ ಎತ್ತಿ, ನಿಮ್ಮ ಉಸಿರು ಬಿಗಿಹಿಡಿಯುವಷ್ಟು ಹೊತ್ತಿನೊಳಗೆ ಮತ್ತೆ ನೀರಿಗೆ ಇಳಿಸಿ. ತಲೆ ಸೆಳೆತದ ಎದುರಿಗೆ ಇರುವಂತೆ ಹಿಡಿದುಕೊಳ್ಳಿ. ಬಾಲ ನಿಮ್ಮ ಮುಷ್ಟಿಯನ್ನು ತಾನಾಗಿ ಒದೆಯುವವರೆಗೂ ಬಿಡಬೇಡಿ.

ಬಿಟ್ಟರೆ ತೂಕ ಗೊತ್ತಾಗುವುದು ಹೇಗೆ?

ಟೇಲರ್ ಟೇಪು ಸಾಕು. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಅತಿ ದಪ್ಪ ಇರುವಲ್ಲಿ ಸುತ್ತಳತೆ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 28,900ರಿಂದ ಭಾಗಿಸಿ. 110 ಸೆಂ.ಮೀ. ಉದ್ದ, 85 ಸೆಂ.ಮೀ. ಸುತ್ತಳತೆಯ ಮೀನು ಸುಮಾರು 27.5 ಕೆ.ಜಿ. ಇದು ಅಂದಾಜೇ, ಆದರೆ ಗೆಳೆಯರ ನಡುವೆ ಹೇಳಲು ಧಾರಾಳ ಸಾಕು.

ವಿಶ್ವದಾಖಲೆಗೆ ಕಳಿಸಬೇಕೆಂದರೆ?

ದಾಖಲೆ ಇಡುವುದು 1939ರಲ್ಲಿ ಶುರುವಾದ ಐಜಿಎಫ್‌ಎ ಎಂಬ ಅಂತಾರಾಷ್ಟ್ರೀಯ ಗಾಳದ ಮೀನುಗಾರಿಕೆಯ ಸಂಸ್ಥೆ. ಗಾಳ ಸಿಕ್ಕಿಸಿದಲ್ಲಿಂದ ದೋಣಿಯ ಬದಿಗೆ ತರುವವರೆಗೆ ನೀವೊಬ್ಬರೇ ಆಡಿಸಬೇಕು. ನಡುವೆ ಇನ್ನೊಬ್ಬರು ರಾಡ್ ಮುಟ್ಟಿದರೆ ಲೆಕ್ಕಕ್ಕಿಲ್ಲ. ದಾರದ ಮಾದರಿಯನ್ನೂ ಕಳಿಸಬೇಕು. ತೂಕದ ದಾಖಲೆಗೆ ದಡದಲ್ಲಿ ತೂಗಬೇಕಾಗುತ್ತದೆ, ಹಾಗಾಗಿ ಮೀನು ಉಳಿಯುವುದು ಕಷ್ಟ. ಅದಕ್ಕೇ ಅವರು ಉದ್ದದ ದಾಖಲೆ ಎಂಬ ವಿಭಾಗವನ್ನೂ ಇಟ್ಟಿದ್ದಾರೆ: ಅವರದೇ ಅಳತೆಪಟ್ಟಿಯ ಮೇಲೆ ಮೀನನ್ನು ಮಲಗಿಸಿ ಫೋಟೊ ತೆಗೆದು, ಜೀವಂತ ಬಿಡಬೇಕು.

ತಿನ್ನಲು ಒಂದಾದರೂ ಇಟ್ಟುಕೊಳ್ಳಬಹುದೇ?

ತಿನ್ನಲು ಸಣ್ಣ ಕೇದರ ಸಾಕು, ಅದರ ರುಚಿಯೂ ಮೇಲು. ಹವಳದ ಬಳಿ ಬೆಳೆದ ದೊಡ್ಡ ಬೇಟೆಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷ ಸೇರಿಕೊಂಡಿರಬಹುದು. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ, ನೋಡಿದರೆ ಮೂಸಿದರೆ ತಿಳಿಯುವುದೂ ಇಲ್ಲ.

ಗೋಡೆಗೆ ಹಾಕಲು ಮೀನನ್ನು ತರಬಹುದೇ?

ತರಬೇಡಿ. ಅಳತೆ ಮತ್ತು ಎರಡೂ ಬದಿಯ ಫೋಟೊ ಕೊಟ್ಟರೆ ಫೈಬರ್ ಗ್ಲಾಸಿನಲ್ಲಿ ಅದೇ ಗಾತ್ರದ ಪ್ರತಿಕೃತಿ ಮಾಡಿಕೊಡುವವರಿದ್ದಾರೆ. ಮೆಕಾಂಗ್ ಕ್ಯಾಟ್‌ಫಿಶ್, ಅರಪೈಮಾ ಎರಡೂ ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಮೀನುಗಳು. ಅವುಗಳ ಒಂದು ಸಣ್ಣ ತುಣುಕು ತಂದರೂ ಕಸ್ಟಮ್ಸಿನಲ್ಲಿ ತೊಂದರೆ.

ಮನೆಯವರನ್ನು ಕರೆದುಕೊಂಡು ಹೋಗಬಹುದೇ?

ಹೋಗಬಹುದು. ಆದರೆ ಬೆಳಿಗ್ಗೆ ಆರಕ್ಕೆ ಹೋದವರು ಸಂಜೆ ಬರುವುದೆಂದು ಮೊದಲೇ ಹೇಳಿ ಒಪ್ಪಿಸಿ. ಮಾಲ್ದೀವ್ಸಿನ ಸ್ಥಳೀಯ ದ್ವೀಪಗಳಲ್ಲಿ ಮದ್ಯ ಇಲ್ಲ, ದೇಶದೊಳಗೆ ತರುವುದೂ ನಿಷಿದ್ಧ; ಉಡುಪು ಮೈಮುಚ್ಚುವಂತಿರಬೇಕು. ಶುಕ್ರವಾರ ರಜೆ, ದೋಣಿ ಹೊರಡುವುದು ತಡವಾಗಬಹುದು.

ಕಡಲಲ್ಲಿ ವಾಂತಿ ಬಂದರೆ? ಗಾಳ ಕೈಗೆ ಚುಚ್ಚಿದರೆ?

ಮಾತ್ರೆಯನ್ನು ದೋಣಿ ಹತ್ತುವ ಮುಂಚೆ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಪ್ರಯೋಜನ ಕಡಿಮೆ. ಯಾವ ಮಾತ್ರೆ ಎಂದು ನಿಮ್ಮ ವೈದ್ಯರನ್ನು ಕೇಳಿ. ಹಿಂದಿನ ರಾತ್ರಿ ಎಣ್ಣೆ ತಿಂಡಿ ಬೇಡ. ಹೊಟ್ಟೆ ತೀರಾ ಖಾಲಿಯೂ ಬೇಡ.

ಗಾಳ ಚುಚ್ಚುವುದು ಹೆಚ್ಚಾಗಿ ಮೀನು ಕೊಡವಿದಾಗ, ಇಲ್ಲವೇ ಹಿಂದೆ ನಿಂತವರನ್ನು ನೋಡದೆ ಎಸೆದಾಗ. ಎಸೆಯುವ ಮುಂಚೆ ಪ್ರತಿ ಸಲವೂ ಹಿಂದೆ ನೋಡಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು. ಮುಳ್ಳು ಚಪ್ಪಟೆ ಮಾಡಿದ್ದರೆ ಚುಚ್ಚಿದ ಗಾಳ ಹಿಂದಕ್ಕೆ ಬರುತ್ತದೆ, ಇಲ್ಲದಿದ್ದರೆ ಆಸ್ಪತ್ರೆಯೇ ಗತಿ. ಟೆಟನಸ್ ಚುಚ್ಚುಮದ್ದು ಊರಲ್ಲೇ ಹಾಕಿಸಿಕೊಂಡು ಹೋಗಿ. ಪ್ರವಾಸ ವಿಮೆಯಲ್ಲಿ ಆಳಸಮುದ್ರದ ಮೀನುಗಾರಿಕೆ ಸೇರಿದೆಯೇ, ದ್ವೀಪದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುತ್ತಾರೆಯೇ ಎಂಬುದನ್ನು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಓದಿ ನೋಡಿ. ಬಹಳಷ್ಟು ಅಗ್ಗದ ಪಾಲಿಸಿಗಳು ಸಾಹಸಕ್ರೀಡೆ ಎಂದು ಇದನ್ನು ಹೊರಗಿಡುತ್ತವೆ. ಹಾಗಿದ್ದರೆ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಿ, ಪಾಲಿಸಿಯ ಸಂಖ್ಯೆಯನ್ನು ದೋಣಿಯ ಕ್ಯಾಪ್ಟನ್ ಕೈಗೂ ಕೊಡಿ.